ಅರ್ಧಕ್ಕೆ ಕಡಿದ ಮಾತು

ಆ ಊರಿನ ನ್ಯಾಯದ ಚಾವಡಿಯಲ್ಲಿ ಒಂದು ಕಟ್ಟಳೆ ಇತ್ತು. ಅಲ್ಲಿ ಬಂದು ನಿಂತವರ ಮಾತನ್ನು ಪೀಠದ ಮೇಲೆ ಕೂತವನು ಅರ್ಧಕ್ಕೆ ಕಡಿಯುವಂತಿರಲಿಲ್ಲ. ಕಡಿದರೆ ಉಳಿದ ಅರ್ಧವನ್ನು ಅವನೇ ಹೋಗಿ ತರಬೇಕು. ತರುವವರೆಗೆ ಪೀಠ ಏರುವಂತಿಲ್ಲ.

ಈ ಕಟ್ಟಳೆಯನ್ನು ಮಾಡಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕಾಯಲಿಕ್ಕೆಂದೇ ಒಬ್ಬಳು ಮುದುಕಿ ಚಾವಡಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಅವಳ ಮಡಿಲಲ್ಲಿ ಒಂದು ಬಿಳಿ ನೂಲು. ಬಂದವರ ಮಾತು ಪೂರ್ತಿಯಾದರೆ ನೂಲು ಬೆರಳ ಸಂದಿಯಲ್ಲಿ ಸುಮ್ಮನೆ ಸರಿದು ಹೋಗುತ್ತಿತ್ತು. ಮಾತು ನಡುವೆ ಕಡಿದರೆ ಅಲ್ಲೊಂದು ಗಂಟು. ಎಲ್ಲರೂ ಅವಳನ್ನು ಗಂಟಿನಜ್ಜಿ ಅನ್ನುತ್ತಿದ್ದರು. ಸಂಜೆ ಚಾವಡಿ ಮುಗಿದ ಮೇಲೆ ತೀರ್ಪು ಹೇಳುವವನು ಜಗಲಿಗೆ ಬಂದು, ತಾನು ಯಾರ ಮಾತು ಕಡಿದಿದ್ದನೋ ಅವರನ್ನು ಕರೆದು, "ಏನೋ ಹೇಳ್ತಿದ್ರಲ್ಲ, ಹೇಳಿ" ಎಂದು ಕೇಳಿಸಿಕೊಂಡರೆ ಅಜ್ಜಿ ಗಂಟು ಬಿಚ್ಚುತ್ತಿದ್ದಳು. ಬೆಳಗಾದರೂ ಬಿಚ್ಚದೆ ಉಳಿದ ಗಂಟು ಊರಿನ ಮೂವರು ಹಿರಿಯರ ಮುಂದೆ ಹೋಗುತ್ತಿತ್ತು.

ಹನ್ನೊಂದು ವರ್ಷದಿಂದ ಆ ಪೀಠದ ಮೇಲೆ ಕೂತಿದ್ದವನನ್ನು ಜನ ತೀರ್ಪಿನಯ್ಯ ಎಂದು ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ. ಯಾರ ಮುಲಾಜಿಗೂ ಬಿದ್ದವನಲ್ಲ. ಅವನು ಹೇಳಿದ ತೀರ್ಪು ತಪ್ಪು ಎಂದು ಸೋತವರೂ ಹೇಳುತ್ತಿರಲಿಲ್ಲ. ಮೊದಮೊದಲು ಅವನು ಎಷ್ಟು ತಾಳ್ಮೆಯಿಂದ ಕೇಳುತ್ತಿದ್ದನೆಂದರೆ, ಕೆಲವರು ಜಗಳವಿಲ್ಲದಿದ್ದರೂ ಒಂದು ಜಗಳ ಹುಡುಕಿಕೊಂಡು ಚಾವಡಿಗೆ ಬರುತ್ತಿದ್ದರು. ಆದರೆ ದಿನವಿಡೀ ಕೇಳುವುದು, ಹನ್ನೊಂದು ವರ್ಷ ಕೇಳುವುದು, ಮನೆಗೆ ಹೋದರೆ ಹೆಂಡತಿ ತೀರಿಕೊಂಡ ಮೇಲೆ ಕೇಳಲಿಕ್ಕೆ ಒಂದು ಸ್ವರವೂ ಇಲ್ಲದಿರುವುದು, ಇವೆಲ್ಲ ಸೇರಿ ಅವನೊಳಗೆ ಏನೋ ಒಣಗಿತ್ತು. ಯಾರೇ ಬಾಯಿ ತೆರೆದರೂ ಆ ಮಾತಿನ ಕೊನೆ ಅವನಿಗೆ ಮೊದಲೇ ಕಾಣುತ್ತಿತ್ತು. ಹೆಚ್ಚಿನ ಸಲ ಅವನು ಕಂಡದ್ದು ಸರಿಯೂ ಆಗಿರುತ್ತಿತ್ತು. ಹಾಗಾಗಿ ಅವನು ಕಾಯುವುದನ್ನು ಬಿಟ್ಟ. ನಾಲಿಗೆ ಚುರುಕಾಯಿತು. ಅವನು ಒಂದು ಮಾತು ಎಸೆದರೆ ಚಾವಡಿಯೇ ನಗುತ್ತಿತ್ತು. ಆ ನಗು ಅವನಿಗೆ ಹಿತವಾಗಿತ್ತು ಕೂಡ.

ಆ ವರ್ಷದ ಮಳೆಗಾಲದಲ್ಲಿ ಒಂದು ದೂರು ಬಂತು.

ಊರಿನ ಪಕ್ಕದಲ್ಲೇ ಹೊಳೆ. ಹೊಳೆಯ ಆಚೆ ದಡದಲ್ಲಿ ಜೊಂಡು ಕೊಯ್ದು ಚಾಪೆ ನೇಯುವವರ ಹತ್ತು ಹದಿನೈದು ಮನೆ. ಅಲ್ಲಿನ ಒಬ್ಬ ಮುದುಕ ಎದೆನೋವು ಬಂದು, ಈಚೆ ದಡದ ವೈದ್ಯನ ಹತ್ತಿರ ಹೋಗಲೆಂದು ಮಗಳ ಹೆಗಲು ಹಿಡಿದು ನೀರಿನ ಅಂಚಿಗೆ ಬಂದಿದ್ದ. ಹೊಳೆ ಉಕ್ಕಿತ್ತು. ದೋಣಿ ಈಚೆ ದಡದಲ್ಲಿತ್ತು. ಮುದುಕ ಹೆಗಲ ಮೇಲಿನ ವಸ್ತ್ರ ತೆಗೆದು ಬೀಸಿದ್ದನ್ನು ಈಚೆ ದಡದವರೂ ನೋಡಿದ್ದರು. ಅಂಬಿಗ ದೋಣಿ ಬಿಡಲಿಲ್ಲ. ಮುದುಕ ಮಧ್ಯಾಹ್ನದೊಳಗೆ ಅಲ್ಲೇ, ಮರಳಿನ ಮೇಲೆ, ಮಗಳ ತೊಡೆಯ ಮೇಲೆ ತಲೆಯಿಟ್ಟು ತೀರಿಕೊಂಡ.

ಮುದುಕನ ತಮ್ಮ ದೂರು ತಂದ. ಸತ್ತವನ ಮಗಳು ಸಾಕ್ಷಿ. ಅವಳ ಹೆಸರು ಈರಕ್ಕ. ನಲವತ್ತು ದಾಟಿದ ಹೆಂಗಸು. ಚಿಕ್ಕಂದಿನಿಂದಲೂ ಅವಳಿಗೆ ಮಾತು ತಡೆಯುತ್ತಿತ್ತು. ಒಂದು ಶಬ್ದ ಬಾಗಿಲಿಗೆ ಬಂದು ನಿಂತರೆ ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಮನೆಯಲ್ಲಿ ಅವಳ ಅಪ್ಪ ಒಬ್ಬನೇ ಅವಳ ಮಾತು ಮುಗಿಯುವವರೆಗೆ ಮುಖ ತಿರುಗಿಸದೆ ಕಾಯುತ್ತಿದ್ದ.

ಚಾವಡಿ ತುಂಬಿತ್ತು. ತೀರ್ಪಿನಯ್ಯ ಬೆಳಗಿನಿಂದ ಇಪ್ಪತ್ತು ಜನರ ಮಾತು ಕೇಳಿದ್ದ.

"ಹೇಳಮ್ಮ, ಅವತ್ತು ನಿಮ್ಮಪ್ಪ ಏನು ಮಾಡಿದ?"

"ಅಪ್ಪ... ಅಪ್ಪ ವ-ವಸ್ತ್ರ ತೆಗೆದು... ಅಂಬಿಗನ ಕ-ಕಡೆ ಬೀ... ಬೀಸಿ..."

"ಬೀಸಿ?"

"ಬೀಸಿ... ಬೀಸಿ..."

"ಬೀಸಿ ಕರೆದ. ಅಷ್ಟೇ ತಾನೆ?"

ಈರಕ್ಕ ಅಲ್ಲವೆಂಬಂತೆ ತಲೆ ಅಲ್ಲಾಡಿಸಲು ಹೋದಳು. ಮತ್ತೆ ಬಾಯಿ ತೆರೆದಳು. ತೀರ್ಪಿನಯ್ಯ ಅವಳನ್ನು ನೋಡುತ್ತಿರಲಿಲ್ಲ. ಜನರನ್ನು ನೋಡುತ್ತಿದ್ದ.

"ತಾಯೀ, ನಿನ್ನ ಮಾತು ದಡ ಸೇರೋ ಹೊತ್ತಿಗೆ ಹೊಳೆನೇ ಬತ್ತಿ ಹೋಗಿರುತ್ತೆ."

ಚಾವಡಿ ನಕ್ಕಿತು. ಬಾಗಿಲ ಹತ್ತಿರ ನಿಂತವರು ಕೇಳಿಸದವರಿಗೆ ಹೇಳಿದರು, ಅವರೂ ನಕ್ಕರು. "ಬೀಸಿ ಕರೆದ ಅಂತ ಬರೆದುಕೋ" ಎಂದು ತೀರ್ಪಿನಯ್ಯ ಕರಣಿಕನಿಗೆ ಹೇಳಿದ. ಈರಕ್ಕ ಬಾಯಿ ಮುಚ್ಚಿದಳು. ಕಂಬದ ಬಳಿ ಗಂಟಿನಜ್ಜಿಯ ಬೆರಳು ನೂಲನ್ನು ಒಂದು ಸುತ್ತು ಸುತ್ತಿ ಬಿಗಿಯಿತು.

ತೀರ್ಪು ಬಂತು. ಹೊಳೆಯ ಮೆಟ್ಟಿಲುಗಳಲ್ಲಿ ಒಂದರ ಮೇಲೆ ಹಿಂದಿನವರು ಗೆರೆ ಕೊರೆದಿದ್ದಾರೆ. ನೀರು ಆ ಗೆರೆ ದಾಟಿದರೆ ದೋಣಿ ಬಿಡಬಾರದು. ಅವತ್ತು ನೀರು ಗೆರೆಯಿಂದ ಎರಡು ಮೆಟ್ಟಿಲು ಮೇಲಿತ್ತು. ಆದ್ದರಿಂದ ಅಂಬಿಗನದು ತಪ್ಪಿಲ್ಲ. ಸರಿಯಾದ ತೀರ್ಪೇ. ದೂರು ತಂದ ಚಿಕ್ಕಪ್ಪನಿಗೂ ಎದುರು ಹೇಳಲಾಗಲಿಲ್ಲ.

ಆ ಮಧ್ಯಾಹ್ನ ಈರಕ್ಕನನ್ನೂ ಚಿಕ್ಕಪ್ಪನನ್ನೂ ಆಚೆ ದಡಕ್ಕೆ ಕರೆದೊಯ್ದವನು ಆ ಅಂಬಿಗನೇ. ಇರುವುದು ಒಂದೇ ದೋಣಿ.

ಸಂಜೆ ತೀರ್ಪಿನಯ್ಯ ಜಗಲಿಗೆ ಬಂದಾಗ ಈರಕ್ಕ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೂವರು ಹಿರಿಯರು ಅವನನ್ನು ಕರೆಸಿದರು. ಇಬ್ಬರು ಗಂಡಸರು, ನಡುವೆ ಒಬ್ಬಳು ಹೆಂಗಸು. ನೂಲು ಅವರ ಮುಂದಿತ್ತು. ತೀರ್ಪಿನಯ್ಯ ನಿಂತೇ ಮಾತಾಡಿದ.

"ನನ್ನ ತೀರ್ಪಲ್ಲಿ ಏನು ತಪ್ಪಿದೆ, ಹೇಳಿ."

"ತೀರ್ಪು ಸರಿಯಾಗಿದೆ" ಎಂದಳು ಹಿರಿಯಳು. "ಅದರ ಮಾತು ಇಲ್ಲಿ ಯಾರೂ ಎತ್ತಿಲ್ಲ."

"ಮತ್ತೆ ಶಿಕ್ಷೆ ಯಾತಕ್ಕೆ?"

"ಶಿಕ್ಷೆ ಅಲ್ಲಪ್ಪ. ಅವಳ ಹತ್ತಿರ ಇದ್ದದ್ದನ್ನ ನೀನು ಕಿತ್ತುಕೊಂಡೆ. ಹೋಗಿ ಅದನ್ನ ಅವಳ ಬಾಯಲ್ಲೇ ಪೂರ್ತಿ ಮಾಡಿಸಿಕೊಂಡು ಬಾ."

"ನಾನು ಕೇಳಿದ್ದೇ ಸರಿ. ಕರೆದ ಅಂತಲೇ ಅವಳು ಹೇಳ್ತಿದ್ದದ್ದು. ಅಲ್ಲದೆ ಇನ್ನೇನಿರುತ್ತೆ?"

"ಇರಬಹುದು. ಅವಳು ಹೇಳಿದ ಮೇಲೆ ಗೊತ್ತಾಗುತ್ತೆ."

ಅವನ ಹೆಗಲ ಮೇಲಿನ ಪೀಠದ ಶಲ್ಯವನ್ನು ತೆಗೆದಿಟ್ಟುಕೊಂಡರು. ಕಟ್ಟಳೆಯನ್ನು ಓದಿ ಹೇಳಿದರು: ಕೇಳುವುದು ಒಂದೇ ಸಲ. ಆಮೇಲೆ ಕಾಯುವುದು. ಒತ್ತಾಯ ಮಾಡುವಂತಿಲ್ಲ, ಆಸೆ ತೋರಿಸುವಂತಿಲ್ಲ, ಇನ್ನೊಬ್ಬರಿಂದ ಹೇಳಿಸುವಂತಿಲ್ಲ. ಎಲ್ಲಿ ಕಡಿಯಿತೋ ಕೊನೆಗೆ ಆ ಚಾವಡಿಯಲ್ಲೇ ಮಾತು ಮುಗಿಯಬೇಕು.

ಶಲ್ಯವಿಲ್ಲದ ಹೆಗಲಲ್ಲಿ ತೀರ್ಪಿನಯ್ಯ ಬೀದಿಗೆ ಇಳಿದ. ಅಂಗಡಿಯವರು ಎದ್ದು ನಿಂತು ಕೈ ಮುಗಿದರು, ಆಮೇಲೆ ಹೆಗಲು ನೋಡಿ ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ನಿಂತರು. ಅವನಿಗೆ ಮೈ ಉರಿಯಿತು.

ಆಚೆ ದಡದಲ್ಲಿ ಈರಕ್ಕನ ಮನೆ ಮೊದಲನೆಯದು. ಅವಳು ಅಂಗಳದಲ್ಲಿ ಕೂತು ಚಾಪೆ ನೇಯುತ್ತಿದ್ದಳು. ಅವನು ದಾರಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಹೇಳಿದ.

"ಅವತ್ತು ನೀವು ಹೇಳ್ತಿದ್ದ ಮಾತು ಪೂರ್ತಿ ಆಗಲಿಲ್ಲ. ನಾನು ಬಿಡಲಿಲ್ಲ. ಉಳಿದದ್ದು ಕೇಳೋಕೆ ಬಂದಿದ್ದೀನಿ."

ಈರಕ್ಕ ತಲೆ ಎತ್ತಲಿಲ್ಲ. ಒಂದು ಎಳೆ ಜೊಂಡು ತೆಗೆದುಕೊಂಡಳು, ಸಿಕ್ಕಿಸಿದಳು, ತಟ್ಟಿದಳು. ಅವನು ಜಗಲಿಯ ತುದಿಯಲ್ಲಿ ಕೂತ. ಅವಳು ನೇಯ್ದಳು. ಹೊಳೆ ಹರಿಯಿತು. ಸಂಜೆಯಾಯಿತು. ಅವನು ಎದ್ದು ಹೋದ.

ಮರುದಿನವೂ ಬಂದ. ಕೂತ. ಅವಳು ನೇಯ್ದಳು. ಹೊಳೆ ಹರಿಯಿತು.

ಮೂರನೆಯ ದಿನ ಚಿಕ್ಕಪ್ಪ ಬಂದು ಅಂಗಳದ ನಡುವೆ ನಿಂತ. "ಅವತ್ತು ಬಾಯಿ ಮುಚ್ಚಿಸಿದ್ರಿ. ಇವತ್ತು ಬಾಯಿ ಬಿಡಿಸೋಕೆ ಬಂದ್ರಾ ಬುದ್ಧಿ? ಅವತ್ತಿಂದ ನಮ್ಮ ಹುಡುಗಿ ಯಾರ ಜೊತೆನೂ ಒಂದು ಮಾತಾಡಿಲ್ಲ. ನನ್ನ ಜೊತೆನೂ ಇಲ್ಲ. ಒಲೆ ಮುಂದೆ ಕೂತ್ಕೊಂಡು ತುಟಿ ಅಲ್ಲಾಡಿಸ್ತಾಳೆ, ಆಮೇಲೆ ಬಾಯಿಗೆ ಸೆರಗು ಒತ್ತಿಕೊಳ್ತಾಳೆ. ಏನು ಅಂತ ಕೇಳಿದ್ರೆ ಎದ್ದು ಹೋಗ್ತಾಳೆ."

ತೀರ್ಪಿನಯ್ಯನ ನಾಲಿಗೆಯ ಮೇಲೆ ಮೂರು ಉತ್ತರ ಸಿದ್ಧವಾಗಿದ್ದವು. ಮೂರೂ ಚೂಪಾಗಿದ್ದವು. ಅವನು ನುಂಗಿಕೊಂಡ. ಹಾಗೆ ನುಂಗಿದ್ದು ಎಷ್ಟು ವರ್ಷಗಳ ನಂತರವೋ ಅವನಿಗೇ ನೆನಪಿರಲಿಲ್ಲ.

ದಿನಗಳು ಹೋದವು. ಚಾವಡಿಯಲ್ಲಿ ಪೀಠ ಖಾಲಿಯಿತ್ತು. ಸಣ್ಣ ಪುಟ್ಟ ತಕರಾರುಗಳನ್ನು ಹಿರಿಯರೇ ನೋಡುತ್ತಿದ್ದರು. ಇತ್ತ ಜಗಲಿಯ ತುದಿಯಲ್ಲಿ ಕೂತಲ್ಲಿ ತೀರ್ಪಿನಯ್ಯನ ತಲೆ ಸುಮ್ಮನಿರುತ್ತಿರಲಿಲ್ಲ. ಈರಕ್ಕನ ಮಾತನ್ನು ಅದು ತಾನೇ ಮುಗಿಸುತ್ತಿತ್ತು. ಬೀಸಿ ಕರೆದ. ಬೀಸಿ ಸೋತ. ಬೀಸಿ ಶಾಪ ಹಾಕಿದ. ಬೀಸಿ ಕುಸಿದುಬಿದ್ದ. ಹನ್ನೆರಡನೆಯ ಕೊನೆಯನ್ನು ಕಟ್ಟುತ್ತಿದ್ದಾಗ ಅವನಿಗೆ ಇದ್ದಕ್ಕಿದ್ದಂತೆ ನಾಚಿಕೆಯಾಯಿತು. ಇವೆಲ್ಲ ತನ್ನವು. ಇವುಗಳಲ್ಲಿ ಅವಳದು ಒಂದೂ ಇಲ್ಲ. ಹನ್ನೊಂದು ವರ್ಷದಲ್ಲಿ ಇನ್ನೆಷ್ಟು ಜನರ ಬಾಯಲ್ಲಿ ತನ್ನ ಮಾತನ್ನೇ ಇಟ್ಟು, ಅದನ್ನೇ ಕೇಳಿಸಿಕೊಂಡು ಮನೆಗೆ ಹೋದೆನೋ ಎಂದುಕೊಂಡ. ಅವತ್ತು ಅವನು ಏನನ್ನೂ ಕಟ್ಟದೆ ಕೂತ. ಅದು ತುಂಬ ಕಷ್ಟದ ಕೆಲಸವಾಗಿತ್ತು.

ಒಂಬತ್ತನೆಯ ದಿನ ಈರಕ್ಕ ಒಂದು ಕಟ್ಟು ಜೊಂಡನ್ನು ಕಾಲಿನಿಂದ ಅವನ ಕಡೆ ಸರಿಸಿದಳು. ಅವನು ಕಟ್ಟು ಬಿಚ್ಚಿ ಗಿಡ್ಡದ್ದು ಒಂದು ಕಡೆ, ಉದ್ದದ್ದು ಒಂದು ಕಡೆ ಬೇರೆ ಮಾಡತೊಡಗಿದ. ಒಂದನ್ನು ತಪ್ಪಾಗಿ ಇಟ್ಟ.

"ಉ... ಉ..." ಎಂದಳು ಈರಕ್ಕ.

ಅವನು ಕೈಯಲ್ಲಿ ಜೊಂಡು ಹಿಡಿದುಕೊಂಡು ಹಾಗೇ ಕೂತ.

"...ಉದ್ದದ್ದು."

"ಹೂಂ" ಎಂದು ಅವನು ಅದನ್ನು ಉದ್ದದ ಗುಂಪಿಗೆ ಹಾಕಿದ. ಅವತ್ತು ಅಷ್ಟೇ.

ದಿನಾ ಅವನನ್ನು ದಾಟಿಸುತ್ತಿದ್ದ ಅಂಬಿಗ ಮೂವತ್ತರ ಆಸುಪಾಸಿನವನು. ಗಟ್ಟಿ ಮೈ, ಆದರೆ ಕೆನ್ನೆ ಒಳಕ್ಕೆ ಹೋಗಿತ್ತು. ಹುಟ್ಟು ಹಾಕುವಾಗ ಆಚೆ ದಡದ ಕಡೆಗೆ ಕಣ್ಣೆತ್ತುತ್ತಿರಲಿಲ್ಲ. ಆದರೆ ಆ ದಡದಿಂದ ಯಾರಾದರೂ ಕೂಗಿದರೆ ಸಾಕು, ಉಣ್ಣುತ್ತಿದ್ದರೂ ತಟ್ಟೆ ಬಿಟ್ಟು ಓಡುತ್ತಿದ್ದ. ಒಂದು ದಿನ ನೀರು ಗೆರೆ ದಾಟಿದ್ದರೂ ಯಾರದೋ ಕೂಗಿಗೆ ದೋಣಿ ಬಿಚ್ಚಿದ್ದನ್ನು ತೀರ್ಪಿನಯ್ಯ ಕಣ್ಣಾರೆ ಕಂಡ. ವಾಪಸು ಬಂದ ಮೇಲೆ ಕೇಳಿದ.

"ಗೆರೆ ದಾಟಿದೆಯಲ್ಲಪ್ಪ. ಯಾಕೆ ಹೋದೆ?"

"ಕರೆದ್ರಲ್ಲ ಬುದ್ಧಿ."

"ಪ್ರಾಣಕ್ಕೆ ಬಂದ್ರೆ?"

"ಒಂದ್ಸಲ ಕೈ ಬೀಸಿ ಕರೆದವರನ್ನ ಬಿಟ್ಟೆ. ಇನ್ನೊಂದ್ಸಲ ಬಿಡೋಕಾಗಲ್ಲ."

"ನಿನ್ನ ತಪ್ಪಿಲ್ಲ ಅಂತ ನಾನೇ ತೀರ್ಪು ಕೊಟ್ಟೆನಲ್ಲ."

ಅಂಬಿಗ ದೋಣಿಯ ಹಗ್ಗ ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. "ಕೊಟ್ರಿ. ನೀವು ಮೆಟ್ಟಿಲ ಮೇಲಿನ ಗೆರೆ ನೋಡಿದ್ರಿ. ನಾನು ಅವತ್ತು ಗೆರೆ ನೋಡ್ಲಿಲ್ಲ ಬುದ್ಧಿ. ನೀರು ನೋಡಿ ಹೆದರಿದೆ. ಆ ಯಜಮಾನ ವಸ್ತ್ರ ಬೀಸಿ ಬೀಸಿ ಕರೀತಾ ಇದ್ರೆ ನಾನು ಬೆನ್ನು ತಿರುಗಿಸಿದೆ. ಅವರು ಸಾಯೋ ಗಳಿಗೆಯಲ್ಲಿ ನನ್ನ ಬೆನ್ನು ನೋಡಿಕೊಂಡು ಸತ್ರು. ಅದಕ್ಕೆ ತೀರ್ಪು ಎಲ್ಲಿದೆ?"

ಮನೆಗೆ ಹೋಗುವ ದಾರಿಯುದ್ದಕ್ಕೂ ತೀರ್ಪಿನಯ್ಯನಿಗೆ ಒಂದೇ ಚಿಂತೆ. ಈ ಮನುಷ್ಯ ಈ ಮಳೆಗಾಲ ದಾಟುವುದಿಲ್ಲ. ತಾನು ಬಿಡುಗಡೆ ಮಾಡಿದೆನೆಂದುಕೊಂಡವನು ದಿನಾ ಒಂದೊಂದು ಮೆಟ್ಟಿಲು ನೀರಿಗೆ ಇಳಿಯುತ್ತಿದ್ದಾನೆ.

ಹದಿನೇಳನೆಯ ದಿನ ಬೆಳಿಗ್ಗೆ ಹೊಳೆ ಶಾಂತವಾಗಿತ್ತು. ಅಂಬಿಗ ಅವನನ್ನು ಆಚೆ ಬಿಟ್ಟು ಹೋದ. ಮೇಲಿನ ಕಾಡಿನಲ್ಲಿ ಮಳೆ ಸುರಿದಿರಬೇಕು. ಮಧ್ಯಾಹ್ನ ಕಳೆಯುವಷ್ಟರಲ್ಲಿ ನೀರು ಕೆಂಪಾಗಿ, ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಬರತೊಡಗಿತು. ಈರಕ್ಕ ನೀರಿನಂಚಿನಲ್ಲಿ ಒಣಹಾಕಿದ್ದ ಜೊಂಡನ್ನು ಎತ್ತಲು ಓಡಿದಳು. ತೀರ್ಪಿನಯ್ಯನೂ ಅವಳ ಹಿಂದೆ ಹೋಗಿ ಒಂದು ಹೊರೆ ಎತ್ತಿದ. ತಲೆಯೆತ್ತಿ ನೋಡಿದರೆ, ಊರಿನ ದಡದಲ್ಲಿ ಅಂಬಿಗ, ಇವನು ನೀರಿನಂಚಿಗೆ ಬಂದದ್ದನ್ನು ಕಂಡು, ದೋಣಿಯ ಹಗ್ಗ ಬಿಚ್ಚುತ್ತಿದ್ದಾನೆ.

"ಬೇಡ!" ಎಂದು ತೀರ್ಪಿನಯ್ಯ ಕೂಗಿದ. ಹೊಳೆಯ ಸದ್ದಿನಲ್ಲಿ ಆ ಕೂಗು ಅವನ ಕಿವಿಗೇ ಸರಿಯಾಗಿ ಕೇಳಿಸಲಿಲ್ಲ. ಹೊರೆ ಎಸೆದು ಎರಡೂ ಕೈ ಮೇಲೆತ್ತಿ ಬೀಸಿದ. ಬರಬೇಡ, ಬರಬೇಡ ಎಂದು ಬೀಸಿದ. ಅಂಬಿಗ ಇನ್ನೂ ಅವಸರವಾಗಿ ಹಗ್ಗ ಬಿಚ್ಚಿದ. ತೀರ್ಪಿನಯ್ಯ ತಲೆಗೆ ಸುತ್ತಿದ್ದ ವಸ್ತ್ರ ಕಿತ್ತು ಅದನ್ನೂ ಬೀಸಿದ. ಅಂಬಿಗ ದೋಣಿಗೆ ಹಾರಿದ.

ಈರಕ್ಕ ಒಮ್ಮೆ ತೀರ್ಪಿನಯ್ಯನ ಕೈಯನ್ನು ನೋಡಿದಳು. ಒಮ್ಮೆ ಊರಿನ ದಡವನ್ನು ನೋಡಿದಳು. ಅವಳ ತಲೆಯ ಮೇಲಿನ ಹೊರೆ ಜಾರಿ ನೀರಿಗೆ ಬಿತ್ತು.

"ಅಯ್ಯೋ" ಎಂದಳು. "ಅವ್ನಿಗೆ... ಅವ್ನಿಗೆ ತಿ-ತಿಳೀಲೇ ಇಲ್ಲ."

ಚಾವಡಿ ಬಿಟ್ಟು ಬಂದ ಮೇಲೆ, ಆ 'ಉದ್ದದ್ದು' ಒಂದನ್ನು ಬಿಟ್ಟರೆ, ಅವಳು ಪೂರ್ತಿ ಮಾಡಿದ ಮೊದಲ ಮಾತು ಅದು. ಏನು ತಿಳಿಯಲಿಲ್ಲ ಎಂದು ತೀರ್ಪಿನಯ್ಯ ಕೇಳಲಿಲ್ಲ, ಕೇಳುವ ಹೊತ್ತೂ ಅದಾಗಿರಲಿಲ್ಲ. ದೋಣಿ ನಡುಹೊಳೆ ದಾಟಿತು. ದಡ ಇನ್ನು ಇಪ್ಪತ್ತು ಮಾರು ಇರುವಾಗ ಒಂದು ದಿಮ್ಮಿ ಬಡಿದು ಮಗುಚಿತು. ಅಂಬಿಗನ ತಲೆ ಕಂಡಿತು, ಮರೆಯಾಯಿತು, ಇನ್ನೂ ಕೆಳಗೆ ಜೊಂಡಿನ ಪೊದೆಯ ಹತ್ತಿರ ಮತ್ತೆ ಕಂಡಿತು. ಈರಕ್ಕ ಹೊರೆ ಕಟ್ಟುವ ಹಗ್ಗದ ಒಂದು ತುದಿಯನ್ನು ತೀರ್ಪಿನಯ್ಯನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಸೊಂಟದ ಮಟ್ಟ ನೀರಿಗೆ ಇಳಿದಳು. ಆ ಪೊದೆಯಲ್ಲಿ ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅಂಬಿಗನ ರಟ್ಟೆ ಅವಳ ಕೈಗೆ ಸಿಕ್ಕಿತು. ತೀರ್ಪಿನಯ್ಯ ಅಂಗೈ ಸುಲಿಯುವಂತೆ ಹಗ್ಗ ಎಳೆದ. ಮೂವರೂ ಕೆಸರಿನ ಮೇಲೆ ಬಿದ್ದರು.

ಅಂಬಿಗ ಬಹಳ ಹೊತ್ತು ನೀರು ಕಾರಿದ. ಆಮೇಲೆ ಕೇಳಿದ, "ಯಾಕೆ ಕರೆದ್ರಿ ಬುದ್ಧಿ? ಏನಾಯ್ತು?"

"ಕರೀಲಿಲ್ಲಪ್ಪ. ಬರಬೇಡ ಅಂದೆ."

"ಕೈ ಬೀಸಿದ್ರಲ್ಲ."

"ಬರಬೇಡ ಅಂತ ಬೀಸಿದೆ."

ಅಂಬಿಗ ಕಣ್ಣು ಒರೆಸಿಕೊಂಡ. "ಆ ದಡದಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ ಬುದ್ಧಿ."

ಆಗ ತೀರ್ಪಿನಯ್ಯನಿಗೆ ಗೊತ್ತಾಯಿತು. ಈರಕ್ಕನ ಮಾತಿನ ಉಳಿದರ್ಧ ಅವನ ಕಣ್ಣ ಮುಂದೆ ಬಂದು ನಿಂತಿತು. ಈ ಸಲ ಅದು ಅವನು ಕಟ್ಟಿದ್ದಲ್ಲ. ಎದುರಿಗೆ ಆ ಮಾತಿಗಾಗಿ ಸಾಯುತ್ತಿರುವ ಮನುಷ್ಯ ಕೂತಿದ್ದಾನೆ. ಒಂದು ಉಸಿರಿನಲ್ಲಿ ಹೇಳಿಬಿಡಬಹುದು. ಮಾತು ಅವನ ಗಂಟಲವರೆಗೆ ಬಂತು. ಆದರೆ ಈರಕ್ಕ ಅಷ್ಟು ಹೊತ್ತಿಗೆ ಕೆಸರಿನಲ್ಲಿ ತೆವಳಿಕೊಂಡು ಅಂಬಿಗನ ಎದುರು ಬಂದು ಕೂತಿದ್ದಳು. ಅವಳು ಬಾಯಿ ತೆರೆದಿದ್ದಳು.

"ಅಪ್ಪ..." ಎಂದಳು. "ಅಪ್ಪ ಅ-ಅವತ್ತು..."

ಹೊಳೆ ಮೊರೆಯುತ್ತಿತ್ತು. ಅಂಬಿಗ ಅವಳ ಮುಖವನ್ನೇ ನೋಡುತ್ತಿದ್ದ. ತೀರ್ಪಿನಯ್ಯ ತನ್ನ ಸುಲಿದ ಅಂಗೈಯನ್ನು ಮುಷ್ಟಿ ಮಾಡಿಕೊಂಡ.

"ವ-ವಸ್ತ್ರ ತೆಗೆದು... ಬೀ... ಬೀಸಿ..."

ಆ ಮಾತು ಅಲ್ಲಿಗೇ ಬಂದು ನಿಂತಿತು. ಚಾವಡಿಯಲ್ಲಿ ನಿಂತದ್ದೂ ಅಲ್ಲೇ. ಅವಳ ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿದಳು. ಯಾರೂ ನಗಲಿಲ್ಲ. ಯಾರೂ ಮುಂದಿನ ಮಾತು ಹೇಳಿಕೊಡಲಿಲ್ಲ. ಒಂದು ದಿಮ್ಮಿ ತೇಲಿಕೊಂಡು ಹೋಯಿತು, ಅದರ ಹಿಂದೆ ಇನ್ನೊಂದು ಹೋಯಿತು.

"...ಬೇಡ ಅಂದ" ಎಂದಳು ಈರಕ್ಕ. "ಬ-ಬರಬೇಡ ಅಂದ. ನಿಂಗೆ. ನಾನು ಕೇ-ಕೇಳಿದೆ, ಯಾಕಪ್ಪ ಬೇಡ ಅಂತೀಯ, ಅಂತ. ನಾನು ಹೆಂಗಿದ್ರೂ ಹೋ-ಹೋಗೋನು ಕಣವ್ವ, ಅವನನ್ನ ಜೊತೆಗೆ ಕ-ಕರ್ಕೊಂಡು ಹೋಗೋದ್ಯಾಕೆ, ಅಂದ."

ಅಂಬಿಗ ತಲೆ ಅಲ್ಲಾಡಿಸಿದ.

"ಆದ್ರೆ ನಂಗೆ ಅದು ತಿಳೀಲಿಲ್ಲ ಕಣಕ್ಕ. ನಾನು ಹೆದರಿ ಬೆನ್ನು ತಿರುಗಿಸಿದ್ದು."

"ನೀನು ತಿ-ತಿರುಗಿದ್ದು ಅಪ್ಪ ನೋಡ್ದ. ಸ... ಸ-ಸದ್ಯ, ಅರ್ಥ ಮಾಡ್ಕೊಂಡ, ಅಂದ. ಆಮೇಲೇ ಅವ್ನು ಮ-ಮಲಗಿದ್ದು. ನಿಂಗೆ ಗೊ-ಗೊತ್ತಿದೆ ಅಂತಲೇ ನಾನು ಇಷ್ಟು ದಿನ..."

ಅಂಬಿಗ ಮೊಣಕಾಲಿಗೆ ಹಣೆ ಒತ್ತಿ ಅತ್ತ. ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ತೀರ್ಪಿನಯ್ಯ ಚಾವಡಿಯಲ್ಲಿ ನೋಡಿದ್ದನೋ ಇಲ್ಲವೋ. ನೋಡಿದ್ದರೂ, ಸಾಕು ಮುಂದೆ ಹೇಳು ಅಂದಿರುತ್ತಿದ್ದ. ಈಗ ಅವನು ಪಕ್ಕದಲ್ಲಿ ಸುಮ್ಮನೆ ಕೂತ, ಅಳು ಮುಗಿಯುವವರೆಗೂ.

ಮೂರು ದಿನ ಹೊಳೆ ಇಳಿಯಲಿಲ್ಲ. ತೀರ್ಪಿನಯ್ಯ, ಅಂಬಿಗ ಇಬ್ಬರೂ ಚಾಪೆಯವರ ಮನೆಗಳಲ್ಲೇ ಉಳಿದರು. ಅಲ್ಲಿನ ಗಂಡಸರು ದೋಣಿಯನ್ನು ಹುಡುಕಿ ಎಳೆತಂದು ದುರಸ್ತಿ ಮಾಡಿಕೊಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ನೀರು ಗೆರೆಯಿಂದ ಕೆಳಗಿಳಿದ ಮೇಲೆ ಈರಕ್ಕ ತಾನೇ ಹೊರಟಳು. ಯಾರೂ ಅವಳನ್ನು ಕರೆದಿರಲಿಲ್ಲ.

ಚಾವಡಿ ಅವತ್ತಿನಂತೆಯೇ ತುಂಬಿತ್ತು. ಪೀಠ ಖಾಲಿ. ಮೂವರು ಹಿರಿಯರು ಪಕ್ಕದಲ್ಲಿ ಕೂತಿದ್ದರು. ತೀರ್ಪಿನಯ್ಯ ಕೆಳಗೆ, ಅಂಬಿಗನ ಪಕ್ಕದಲ್ಲಿ, ಜನರ ಜೊತೆ ನಿಂತಿದ್ದ. ಈರಕ್ಕ ಮೊದಲು ನಿಂತಿದ್ದ ಜಾಗದಲ್ಲೇ ನಿಂತು ಮಾತು ಶುರು ಮಾಡಿದಳು. ಹೊಳೆಯ ದಡದಲ್ಲಿಗಿಂತ ಇಲ್ಲಿ ಹೆಚ್ಚು ಹೊತ್ತು ಹಿಡಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಕಾಲು ಬದಲಿಸಿದರು. ಅವಳು ಮತ್ತೆ ಮೊದಲಿನಿಂದ ಹೇಳಿದಳು, ಮತ್ತೆ ನಿಂತಳು, ಮತ್ತೆ ಹೇಳಿದಳು. ಕೊನೆಗೆ ಪೂರ್ತಿ ಹೇಳಿದಳು. ಅವಳ ಅಪ್ಪನ ಕೊನೆಯ ಮಾತನ್ನೂ ಹೇಳಿದಳು. ಕರಣಿಕ ಹಳೆಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದ. ಅವನ ಕೈ ನಿಧಾನವಾಗಿತ್ತು. ಗಂಟಿನಜ್ಜಿ ಗಂಟು ಬಿಚ್ಚಿ ನೂಲನ್ನು ಮಡಿಲಿಗೆ ಹಾಕಿಕೊಂಡಳು.

ದೂರು ತಂದ ಚಿಕ್ಕಪ್ಪ ಗೋಡೆ ಹಿಡಿದು ನಿಂತಿದ್ದ. "ನಮ್ಮಣ್ಣ ಹಂಗಂದ್ನಾ?" ಎಂದು ಯಾರನ್ನೂ ನೋಡದೆ ಕೇಳಿದ. "ನಮ್ಮಣ್ಣ ಹಂಗಂದ್ನಾ?"

ತೀರ್ಪಿನಯ್ಯ ಮುಂದೆ ಬಂದ. "ಇವರ ಮಾತು ಮುಗೀತು. ನಂದೊಂದಿದೆ" ಎಂದ. "ನಿನ್ನ ಮಾತು ಮುಗಿಯೋ ಹೊತ್ತಿಗೆ ಹೊಳೆ ಬತ್ತುತ್ತೆ ಅಂತ ಅವತ್ತು ಅಂದೆ. ಅಪ್ಪನ್ನ ಹೊಳೆ ದಡದಲ್ಲಿ ಕಳ್ಕೊಂಡ ಮಗಳಿಗೆ ಅಂದೆ. ನೀವೆಲ್ಲ ನಕ್ಕಿರಿ, ನಾನು ನಗಿಸಿದೆ. ಎಲ್ಲರ ಮುಂದೆ ಆಡಿದ ಮಾತು, ಅದಕ್ಕೆ ಎಲ್ಲರ ಮುಂದೆ ಹೇಳ್ತಿದ್ದೀನಿ. ತಪ್ಪಾಯ್ತು ಈರಕ್ಕ."

ಚಾವಡಿಯಲ್ಲಿ ಅವತ್ತು ನಕ್ಕಿದ್ದವರು ಬಹಳ ಜನ ಇದ್ದರು. ಕೆಲವರು ತಲೆ ತಗ್ಗಿಸಿದರು.

ಹಿರಿಯಳು ಶಲ್ಯವನ್ನು ಕೈಗೆತ್ತಿಕೊಂಡಳು. "ಕಟ್ಟಳೆ ಪೂರ್ತಿಯಾಯಿತು. ಆದರೂ ನಿನ್ನನ್ನ ಒಂದು ಮಾತು ಕೇಳ್ತೀನಿ ಈರಕ್ಕ. ಇವನು ಮತ್ತೆ ಈ ಪೀಠದ ಮೇಲೆ ಕೂರಬಹುದಾ?"

ಎಲ್ಲರೂ ಅವಳ ಕಡೆ ನೋಡಿದರು. ಅವಳು ಯೋಚಿಸಿದಳು. ಮಾತು ತಡೆದದ್ದಲ್ಲ, ನಿಜವಾಗಿ ಯೋಚಿಸಿದಳು.

"ಕೂ... ಕೂತ್ಕೊಳ್ಳಲಿ" ಎಂದಳು. "ನಾ-ನಾಳೆಯಿಂದ."

"ಇವತ್ತು ಯಾಕೆ ಬೇಡವ್ವ?"

"ಇವತ್ತು ಅಪ್ಪಂಗೆ ಎ-ಎಡೆ ಇಡಬೇಕು. ಹೊಳೆ ತುಂಬಿ ಸಾಮಾನು ತರೋಕಾಗ್ದೆ ನಿ-ನಿಂತಿತ್ತು. ಇವರಿಬ್ರೂ ಊಟಕ್ಕೆ ಬ-ಬರಬೇಕು."

ಹಿರಿಯಳು ಶಲ್ಯವನ್ನು ಮಡಿಚಿ ಮತ್ತೆ ಕೆಳಗಿಟ್ಟಳು. ಅವತ್ತು ನ್ಯಾಯ ಕೇಳಲು ದೂರದಿಂದ ಬಂದಿದ್ದವರು ನಾಳೆ ಬರುತ್ತೇವೆಂದು ಹೇಳಿ, ಗೊಣಗದೆ ಎದ್ದು ಹೋದರು.

ಆಚೆ ದಡದ ಮನೆಯಲ್ಲಿ ಹೊಸ ಚಾಪೆ ಹಾಸಿ ಎಲೆ ಹಾಕಿದರು. ಚಾಪೆಯವರ ಮನೆಗಳವರೆಲ್ಲ ಸೇರಿದ್ದರು. ತೀರ್ಪಿನಯ್ಯ ಒಂದು ಕಡೆ, ಅಂಬಿಗ ಅವನ ಪಕ್ಕದಲ್ಲಿ. ಎಡೆ ಇಟ್ಟು ಕೈ ಮುಗಿದ ಮೇಲೆ ಈರಕ್ಕ ತನ್ನ ಅಪ್ಪನ ಸುದ್ದಿ ತೆಗೆದಳು. ಅವನು ಎಳೆಯ ಜೊಂಡನ್ನು ಹಲ್ಲಲ್ಲಿ ಕಚ್ಚಿ ಹದ ನೋಡುತ್ತಿದ್ದದ್ದು, ಒಂದು ಸಲ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಈಜಿದ್ದು, ಹೆಂಡತಿ ಬೈದರೆ ಕಿವಿ ಕೇಳದವನಂತೆ ಕೂತು ಆಮೇಲೆ ಮಗಳಿಗೆ ಕಣ್ಣು ಮಿಟುಕಿಸುತ್ತಿದ್ದದ್ದು. ಒಂದೊಂದು ಸಂಗತಿಗೂ ಬಹಳ ಹೊತ್ತು ಹಿಡಿಯಿತು. ಎಲೆಯ ಮೇಲಿನ ಅನ್ನ ಆರಿತು. ಎಲ್ಲರೂ ಕೇಳುತ್ತಾ ಉಂಡರು, ಉಣ್ಣುತ್ತಾ ಕೇಳಿದರು. ಕಣ್ಣು ಮಿಟುಕಿಸುವ ಕಥೆಗೆ ತೀರ್ಪಿನಯ್ಯ ಜೋರಾಗಿ ನಕ್ಕ, ಅವನ ಜೊತೆ ಈರಕ್ಕನೂ ನಕ್ಕಳು.

ಬಡಿಸುತ್ತಿದ್ದವನು ಚಿಕ್ಕಪ್ಪ. ಸಾಲಿನುದ್ದಕ್ಕೂ ಬಡಿಸುತ್ತಾ ಬಂದು ಅಂಬಿಗನ ಎದುರು ನಿಂತ. ಏನೋ ಹೇಳಬೇಕೆಂದು ನಿಂತವನಿಗೆ ಏನೂ ತೋಚಲಿಲ್ಲ. ಅಂಬಿಗ ತಲೆಯೆತ್ತಿ ಅವನ ಮುಖ ನೋಡಿದ. ಆಮೇಲೆ ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, "ಇನ್ನೊಂಚೂರು ಅನ್ನ ಹಾಕಣ್ಣ, ಹಸಿವಾಗ್ತಿದೆ" ಎಂದ.